ಬಾಗಿಲು ತೆರೆಯಬೇಕಾದವರು ಗೇಮ್ ಕಂಪನಿಗಳು

2024ರ ಸೆಪ್ಟೆಂಬರ್‌ನಲ್ಲಿ ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಎಂಬ ಕಾವಲು ತಂತ್ರಾಂಶವನ್ನು ಜೋಡಿಸಿತು. ಮೋಸದಾಟ ಆಡುವವರನ್ನು ಹಿಡಿಯುವುದು ಅದರ ಕೆಲಸ. ಆದರೆ ಅಂದಿನಿಂದ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರ್‌ಗಳಲ್ಲಿ ಆಡುತ್ತಿದ್ದವರಿಗೆಲ್ಲ ಆ ಆಟ ಬಂದ್ ಆಯಿತು. ಇವರು ದುಡ್ಡು ಕೊಟ್ಟು ಗೇಮ್ ಕೊಂಡವರು, ಹಿಂದಿನ ದಿನದವರೆಗೂ ಯಾರ ತಂಟೆಗೂ ಹೋಗದೆ ಆಡಿಕೊಂಡಿದ್ದವರು. ಬ್ಯಾಟಲ್‌ಐ ಲಿನಕ್ಸ್‌ಗೆ ಹೊಂದುವುದೇ ಇಲ್ಲ ಎನ್ನುವಂತೆಯೂ ಇಲ್ಲ. ಅದಕ್ಕೆ ಬೇಕಾದ ಏರ್ಪಾಡನ್ನು ತಯಾರಕರು 2021ರಲ್ಲೇ ಮಾಡಿದ್ದಾರೆ; ಗೇಮ್ ಕಂಪನಿ ಬೇಕೆಂದು ಕೇಳಬೇಕು, ಅಷ್ಟೆ. ರಾಕ್‌ಸ್ಟಾರ್ ಆ ಏರ್ಪಾಡನ್ನು ಬಳಸಲಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್, ಅಕ್ಟೋಬರ್ ಕೊನೆಯಲ್ಲಿ ಅಪೆಕ್ಸ್ ಲೆಜೆಂಡ್ಸ್ ಕೂಡ ಲಿನಕ್ಸ್ ಆಟಗಾರರಿಗೆ ಬಾಗಿಲು ಹಾಕಿದವು.

ಲಿನಕ್ಸ್‌ನಲ್ಲಿ ಗೇಮ್ ಆಡಲು ಆಗುವುದಿಲ್ಲ ಎಂಬ ಮಾತು ಎರಡು ದಶಕ ಬಹುಮಟ್ಟಿಗೆ ನಿಜವಾಗಿತ್ತು. ಈಗ ಅದನ್ನು ಹೇಳುವವರು ಹಳೆಯ ಲೆಕ್ಕವನ್ನೇ ಒಪ್ಪಿಸುತ್ತಿದ್ದಾರೆ. ತಾಂತ್ರಿಕ ಅಡ್ಡಿಗಳು ಒಂದೊಂದಾಗಿ ಸರಿದಿವೆ. ಉಳಿದಿರುವ ದೊಡ್ಡ ಅಡ್ಡಿ ಕೆಲವು ಕಂಪನಿಗಳ ಮನಸ್ಸು. ಇದು ಎಷ್ಟು ದೊಡ್ಡ ಅನ್ಯಾಯವೆಂದು ತಿಳಿಯಬೇಕಾದರೆ ಲಿನಕ್ಸ್ ಇಲ್ಲಿಯವರೆಗೆ ಬಂದ ದಾರಿಯನ್ನು ನೋಡಬೇಕು.

ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಲೋಕಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪನಿ ಹುಟ್ಟಿತು. ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ಗೆ ಒಗ್ಗಿಸಿ ಮಾರುವುದು ಅದರ ವ್ಯಾಪಾರ. ಸಿವಿಲೈಸೇಷನ್: ಕಾಲ್ ಟು ಪವರ್, ಕ್ವೇಕ್ 3 ಮುಂತಾದವನ್ನು ಅದು ತಂದಿತು. ಕೊಳ್ಳುವವರು ಸಾಲದೆ 2002ರ ಜನವರಿಯಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ದುಡಿದ ಸ್ಯಾಮ್ ಲ್ಯಾಂಟಿಂಗ ಎಸ್‌ಡಿಎಲ್ ಎಂಬ ಮುಕ್ತ ತಂತ್ರಾಂಶವನ್ನು ಬರೆದಿದ್ದರು. ಪರದೆ, ಧ್ವನಿ, ಕೀಲಿಮಣೆ, ಜಾಯ್‌ಸ್ಟಿಕ್‌ಗಳನ್ನು ಯಾವ ಆಪರೇಟಿಂಗ್ ಸಿಸ್ಟಂನಲ್ಲಾದರೂ ಒಂದೇ ರೀತಿಯಲ್ಲಿ ಬಳಸಲು ಅದು ಅನುವು ಮಾಡಿಕೊಡುತ್ತದೆ. ಕಂಪನಿ ಹೋಯಿತು, ಎಸ್‌ಡಿಎಲ್ ಉಳಿಯಿತು. ಇಂದಿಗೂ ಅಸಂಖ್ಯ ಗೇಮ್‌ಗಳ ಒಳಗೆ ಅದು ಕೆಲಸ ಮಾಡುತ್ತಿದೆ.

ಇದಕ್ಕೂ ಹಳೆಯದು ವೈನ್. ವಿಂಡೋಸ್‌ಗಾಗಿ ಬರೆದ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಈ ಯೋಜನೆ ಶುರುವಾದದ್ದು 1993ರಲ್ಲಿ. ಮರುವರ್ಷದಿಂದ ಅಲೆಕ್ಸಾಂಡ್ರ್ ಜೂಲಿಯಾರ್ ಅದರ ಹೊಣೆ ಹೊತ್ತಿದ್ದಾರೆ. ಮೈಕ್ರೊಸಾಫ್ಟ್‌ನ ಮೂಲ ಕೋಡ್ ಕಣ್ಣಿಗೂ ಬೀಳದಿರುವಾಗ, ವಿಂಡೋಸ್‌ನ ಸಾವಿರಾರು ಸೇವೆಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ಹೊರಗಿನಿಂದಲೇ ಪರೀಕ್ಷಿಸಿ ಮತ್ತೆ ಬರೆಯುವ ಕೆಲಸ ಅದು. ಮೊದಲ ಪೂರ್ಣ ಆವೃತ್ತಿ ಹೊರಬಂದದ್ದು 2008ರಲ್ಲಿ, ಎಂದರೆ 15 ವರ್ಷಗಳ ಬಳಿಕ. ಇಷ್ಟು ತಾಳ್ಮೆ ಬೇಡುವ ಕೆಲಸಗಳು ತಂತ್ರಾಂಶ ಲೋಕದಲ್ಲಿ ವಿರಳ.

ನಡುವೆ ಒಂದು ಪಾಠವೂ ಆಯಿತು. ಟ್ರಾನ್ಸ್‌ಗೇಮಿಂಗ್ ಎಂಬ ಕಂಪನಿ ವೈನ್‌ನ ಕೋಡ್ ತೆಗೆದುಕೊಂಡು, ಗೇಮ್‌ಗಳಿಗೆ ಬೇಕಾದ ಸುಧಾರಣೆ ಮಾಡಿ, ತಿಂಗಳ ಚಂದಾ ಪಡೆದು ಮಾರತೊಡಗಿತು. ಸುಧಾರಣೆಗಳೆಲ್ಲ ಮೂಲ ಯೋಜನೆಗೆ ಮರಳಲಿಲ್ಲ. ವೈನ್ ತಂಡ 2002ರಲ್ಲಿ ಪರವಾನಗಿಯನ್ನೇ ಬದಲಿಸಿತು: ತಿದ್ದಿದ್ದನ್ನು ಹಂಚುವವರು ಆ ತಿದ್ದುಪಡಿಯ ಕೋಡನ್ನೂ ಕೊಡಬೇಕು. ಮುಚ್ಚಿಟ್ಟುಕೊಂಡ ಆವೃತ್ತಿ 2011ರ ಹೊತ್ತಿಗೆ ನಿಂತುಹೋಯಿತು. ಹಂಚಿಕೊಂಡದ್ದು ಬೆಳೆಯುತ್ತಲೇ ಹೋಯಿತು.

ವಾಲ್ವ್ ಕಂಪನಿ ಕಣಕ್ಕಿಳಿದದ್ದು ಇಂಥ ನೆಲದ ಮೇಲೆ. ಪಿಸಿ ಗೇಮ್‌ಗಳ ಅತಿ ದೊಡ್ಡ ಮಳಿಗೆ ಸ್ಟೀಮ್ ಇದರದೇ. ವಿಂಡೋಸ್ 8ರ ಜೊತೆ ಮೈಕ್ರೊಸಾಫ್ಟ್ ತನ್ನ ಸ್ವಂತ ಆ್ಯಪ್ ಮಳಿಗೆ ತಂದಾಗ ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಬಹಿರಂಗವಾಗಿಯೇ ಆತಂಕ ವ್ಯಕ್ತಪಡಿಸಿದರು. 2013ರ ಫೆಬ್ರುವರಿಯಲ್ಲಿ ಸ್ಟೀಮ್ ಲಿನಕ್ಸ್‌ಗೆ ಬಂತು. 2015ರ ಸ್ಟೀಮ್ ಮಷಿನ್ ಎಂಬ ಲಿನಕ್ಸ್ ಗೇಮಿಂಗ್ ಪೆಟ್ಟಿಗೆಗಳು ಸೋತವು, ಏಕೆಂದರೆ ಲಿನಕ್ಸ್‌ಗೆಂದೇ ಗೇಮ್ ಬರೆಯುವವರು ಕಡಿಮೆಯಿದ್ದರು. ಹಾಗಾಗಿ ವಾಲ್ವ್ ದಾರಿ ಬದಲಿಸಿತು. ವೈನ್‌ನ ಹಿಂದಿನ ಪರಿಣತರಿರುವ ಕೋಡ್‌ವೀವರ್ಸ್ ಕಂಪನಿಯ ಜೊತೆಗೂಡಿ 2018ರ ಆಗಸ್ಟ್‌ನಲ್ಲಿ ವೈನ್ ಆಧಾರಿತ ಪ್ರೋಟಾನ್ ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಮೊದಲ ದಿನ ಅಧಿಕೃತ ಪಟ್ಟಿಯಲ್ಲಿದ್ದದ್ದು 27 ಗೇಮ್. ಈಗ ಸಾವಿರಾರು ವಿಂಡೋಸ್ ಗೇಮ್‌ಗಳು, ಅವುಗಳನ್ನು ಬರೆದವರು ಒಂದು ಸಾಲನ್ನೂ ಬದಲಿಸದೆ, ಲಿನಕ್ಸ್‌ನಲ್ಲಿ ಓಡುತ್ತವೆ.

ಪ್ರೋಟಾನ್‌ನ ಜೀವಾಳವಾದ ಒಂದು ಭಾಗದ ಹುಟ್ಟು ಇನ್ನೂ ಸ್ವಾರಸ್ಯಕರ. ನೀರ್ ಆಟೊಮಾಟ ಎಂಬ ಜಪಾನಿ ಗೇಮನ್ನು ಲಿನಕ್ಸ್‌ನಲ್ಲಿ ಆಡಬೇಕೆಂಬ ಆಸೆ ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್‌ಗೆ ಇತ್ತು. ವಿಂಡೋಸ್ ಗೇಮ್‌ಗಳು ಚಿತ್ರ ಬಿಡಿಸಲು ಡೈರೆಕ್ಟ್‌ಎಕ್ಸ್‌ನ ಮೊರೆ ಹೋಗುತ್ತವೆ. ಆ ಆದೇಶಗಳನ್ನು ವಲ್ಕನ್ ಎಂಬ ಮುಕ್ತ ಮಾನದಂಡದ ಆದೇಶಗಳಾಗಿ ಮಾರ್ಪಡಿಸುವ ಡಿಎಕ್ಸ್‌ವಿಕೆಯನ್ನು ಅವರು ಬರೆದರು. ವಾಲ್ವ್ ಅದನ್ನು ಗುರುತಿಸಿ ಬೆಂಬಲಿಸಿತು. ಆಟದ ನಡುವೆ ನಿಂತ ದುಭಾಷಿ ಆಟವನ್ನು ನಿಧಾನ ಮಾಡಬೇಕಲ್ಲವೇ ಎಂಬ ಪ್ರಶ್ನೆ ಸಹಜ. ಹಲವು ಕಡೆ ಸ್ವಲ್ಪ ನಿಧಾನವಾಗುವುದೂ ಹೌದು. ಆದರೆ 2022ರಲ್ಲಿ ಎಲ್ಡನ್ ರಿಂಗ್ ಬಂದಾಗ ವಿಂಡೋಸ್‌ನಲ್ಲೇ ಆಟ ಆಗಾಗ ತಡವರಿಸುತ್ತಿತ್ತು. ಸಾವಿರಾರು ಚಿತ್ರ ಸಾಮಗ್ರಿಗಳನ್ನು ಅದು ಒಮ್ಮೆಲೇ ಸಿದ್ಧಪಡಿಸುತ್ತಿದ್ದದ್ದು ಒಂದು ಕಾರಣ. ಪ್ರೋಟಾನ್ ತಂಡ ಅವನ್ನು ಜೋಪಾನವಾಗಿ ಉಳಿಸಿ ಮರುಬಳಸುವಂತೆ ಮಾಡಿದ್ದರಿಂದ ವಾಲ್ವ್‌ನ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಸಾಧನದಲ್ಲಿ ಆಟ ಹೆಚ್ಚು ಸರಾಗವಾಯಿತು. ಕೋಡ್ ತೆರೆದಿತ್ತು, ತೊಂದರೆ ಕಂಡವರು ತಾವೇ ಕೈ ಹಾಕಿ ಸರಿಪಡಿಸಿದರು.

ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಆ ವರ್ಷದ ಫೆಬ್ರುವರಿಯಲ್ಲಿ ಬಂತು. ಅದರೊಳಗಿರುವುದು ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್‌ಒಎಸ್. 2025ರಲ್ಲಿ ಲೆನೊವೊ ತನ್ನ ಲೀಜನ್ ಗೋ ಎಸ್ ಸಾಧನವನ್ನು ವಿಂಡೋಸ್‌ನಲ್ಲೂ ಸ್ಟೀಮ್‌ಒಎಸ್‌ನಲ್ಲೂ ಮಾರಿತು; ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ವಿಮರ್ಶಕರಿಗೆ ಹಲವು ಗೇಮ್‌ಗಳಲ್ಲಿ ಲಿನಕ್ಸ್ ಆವೃತ್ತಿಯೇ ಚುರುಕಾಗಿ ಕಂಡಿತು. ಸ್ಟೀಮ್‌ನ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು 2025ರ ಅಕ್ಟೋಬರ್‌ನಲ್ಲಿ ಶೇ 3 ದಾಟಿತು. ಚಿಕ್ಕ ಪಾಲು, ನಿಜ. ಆದರೆ ಜಗತ್ತಿನ ಪಿಸಿ ಆಟಗಾರರಲ್ಲಿ ಶೇ 3 ಎಂದರೆ ಲಕ್ಷಾಂತರ ಮಂದಿ.

ಇದೆಲ್ಲ ವಾಲ್ವ್‌ನ ದುಡ್ಡಿನ ಮೇಲೆ ನಿಂತಿದೆ, ಆ ಕಂಪನಿ ಕೈಬಿಟ್ಟರೆ ಗತಿಯೇನು ಎಂದು ಕೇಳುವವರಿದ್ದಾರೆ. ಯೋಗ್ಯ ಪ್ರಶ್ನೆ. ಸ್ಟೀಮ್ ಮಳಿಗೆಯಾಗಲಿ ಅಲ್ಲಿ ಮಾರುವ ಬಹುಪಾಲು ಗೇಮ್‌ಗಳಾಗಲಿ ಮುಕ್ತ ತಂತ್ರಾಂಶವಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಆದರೆ ವೈನ್, ಡಿಎಕ್ಸ್‌ವಿಕೆ ಮತ್ತು ಎಎಮ್‌ಡಿ ಗ್ರಾಫಿಕ್ಸ್‌ಗಾಗಿ ಬರೆದ ಮುಕ್ತ ಡ್ರೈವರ್‌ಗಳು ಯಾವ ಕಂಪನಿಯ ಕಪಾಟಿನಲ್ಲೂ ಬಂದಿಯಾಗಿಲ್ಲ. ಲೋಕಿ ಸತ್ತರೂ ಎಸ್‌ಡಿಎಲ್ ಬದುಕಿದಂತೆ ಇವೂ ಬದುಕಬಲ್ಲವು.

ಮೋಸದಾಟದ ವಿಷಯಕ್ಕೆ ಬಂದರೆ, ಗೇಮ್ ಕಂಪನಿಗಳ ವಾದದಲ್ಲಿ ಹುರುಳೇ ಇಲ್ಲವೆನ್ನಲಾಗದು. ಲಿನಕ್ಸ್‌ನಲ್ಲಿ ಕರ್ನಲ್ ಅನ್ನೇ, ಎಂದರೆ ವ್ಯವಸ್ಥೆಯ ತಿರುಳನ್ನೇ, ಬಳಕೆದಾರ ತಿದ್ದಬಹುದು. ಹಾಗಿರುವಾಗ ಕಾವಲು ತಂತ್ರಾಂಶ ತಾನು ಕಂಡದ್ದನ್ನು ನಂಬುವುದು ಕಷ್ಟ. ಆದರೆ ವಿಂಡೋಸ್‌ನ ಕರ್ನಲ್‌ಗೇ ಇಳಿದು ಕೂರುವ ಕಾವಲುಗಾರರನ್ನೂ ಮೋಸಗಾರರು ದಾಟಿದ್ದಾರೆ; ಬೇರೆ ಹಾರ್ಡ್‌ವೇರ್ ಜೋಡಿಸಿ ಮೆಮೊರಿಯನ್ನು ಓದುವ ಉಪಾಯಗಳೂ ಇವೆ. ಕರ್ನಲ್ ಮಟ್ಟದ ತಂತ್ರಾಂಶ ಒಮ್ಮೆ ಎಡವಿದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟು ನಿಂತವು, ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಒಂದು ಆಟಕ್ಕಾಗಿ ಅಷ್ಟು ಆಳದ ಅಧಿಕಾರವನ್ನು ಬಿಟ್ಟುಕೊಡಿ ಎನ್ನುವುದು ಅತಿಯಾದ ಬೇಡಿಕೆ. ಚಲನೆ, ಗುರಿ, ವೇಗಗಳನ್ನು ಸರ್ವರ್‌ನಲ್ಲೇ ಪರಿಶೀಲಿಸುವ ದಾರಿಗೆ ಕಂಪನಿಗಳು ಹೆಚ್ಚು ಖರ್ಚು ಮಾಡಬೇಕು. ಕಾವಲು ತಂತ್ರಾಂಶ ಇಟ್ಟುಕೊಂಡೇ ಎಲ್ಡನ್ ರಿಂಗ್ ಲಿನಕ್ಸ್ ಆಟಗಾರರನ್ನು ಒಳಗೆ ಬಿಟ್ಟಿದೆ.

ಈ ಮಾತು ಕರ್ನಾಟಕದ ಮನೆಗಳಿಗೂ ಹಾಸ್ಟೆಲ್‌ಗಳಿಗೂ ಸಂಬಂಧಿಸಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನು ಕಡ್ಡಾಯ ಮಾಡಿರುವುದರಿಂದ ಗಟ್ಟಿಮುಟ್ಟಾದ ಹಳೆಯ ಕಂಪ್ಯೂಟರ್‌ಗಳು ಹೊರಗುಳಿದಿವೆ. ಅವನ್ನು ಗುಜರಿಗೆ ಹಾಕುವ ಮೊದಲು ಲಿನಕ್ಸ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್‌ಡಿಸ್ಕ್ ಮುಟ್ಟಬೇಕಿಲ್ಲ. ಸೂಪರ್‌ಟಕ್ಸ್‌ಕಾರ್ಟ್, ಬ್ಯಾಟಲ್ ಫಾರ್ ವೆಸ್ನಾತ್‌ನಂಥ ಮುಕ್ತ ಗೇಮ್‌ಗಳಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ.

ರಾಕ್‌ಸ್ಟಾರ್‌ನ ಒಂದು ದೊಡ್ಡ ಸ್ಟುಡಿಯೊ ಬೆಂಗಳೂರಿನಲ್ಲೇ ಇದೆ. 1997ರಲ್ಲಿ ಶುರುವಾದ ಇಲ್ಲಿನ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅದರ ತೆಕ್ಕೆಗೆ ಸೇರಿತು. ಈ ತೀರ್ಮಾನಗಳು ಇಲ್ಲಿ ಆಗುತ್ತವೆ ಎಂದಲ್ಲ. ಆದರೆ ಇಷ್ಟು ಪ್ರತಿಭೆಯನ್ನೂ ಇಷ್ಟು ಗ್ರಾಹಕರನ್ನೂ ಕೊಡುವ ದೇಶಕ್ಕೆ ಪ್ರಶ್ನೆ ಕೇಳುವ ಹಕ್ಕಿದೆ. 2024ರ ಅಕ್ಟೋಬರ್‌ನಿಂದ ಸ್ಟೀಮ್ ಮಳಿಗೆಯಲ್ಲಿ ಕರ್ನಲ್ ಮಟ್ಟದ ಕಾವಲು ಇರುವ ಗೇಮ್‌ಗಳು ಅದನ್ನು ಮೊದಲೇ ತಿಳಿಸಬೇಕು. ಒಳ್ಳೆಯ ಕ್ರಮ, ಆದರೆ ಕೊಂಡ ಎಷ್ಟೋ ವರ್ಷದ ಮೇಲೆ ಬಾಗಿಲು ಹಾಕಿಸಿಕೊಂಡವರಿಗೆ ಅದರಿಂದ ಏನೂ ದಕ್ಕದು. ಸ್ಟೀಮ್‌ನ ಸಾಮಾನ್ಯ ನಿಯಮದಂತೆ ಹಣ ವಾಪಸ್ ಸಿಗುವುದು ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ. ಕೊಂಡ ಗೇಮ್‌ಗಳನ್ನು ಕಂಪನಿಗಳು ನಿಷ್ಕ್ರಿಯಗೊಳಿಸಬಾರದೆಂದು ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದ್ದಾರೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇ-ವಾಣಿಜ್ಯದ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳನ್ನೂ ಸೇರಿಸಿದೆ. ಅದರ ಅಡಿಯಲ್ಲಿ ಒಂದು ಸ್ಪಷ್ಟ ನಿಯಮ ಬರಲಿ: ಮಾರಿದ ಮೇಲೆ ಕಂಪನಿಯೇ ತಂದ ಬದಲಾವಣೆಯಿಂದ ಒಬ್ಬ ಗ್ರಾಹಕನ ಕಂಪ್ಯೂಟರ್‌ನಲ್ಲಿ ಗೇಮ್ ನಿಂತುಹೋದರೆ, ಅವನು ಯಾವ ಆಪರೇಟಿಂಗ್ ಸಿಸ್ಟಂ ಬಳಸುತ್ತಿದ್ದರೂ, ಕೊಟ್ಟ ಹಣವನ್ನು ಕಂಪನಿ ಹಿಂದಿರುಗಿಸಬೇಕು.