ಹಿಂದಿನ ಸೀಟಿನವರಿಗೂ ಕಿವಿ ಅವ

"ನಮ್ಮ ಕಾರಿನ್ಯಾಗ ಹನ್ನೆರಡು ಸಾವಿರ ಹಾಡು ಅವ" ಅಂತ ಮೀಸಿ ತಿರುವೋ ಮಂದಿ ಈಗ ಓಣಿಗೆ ನಾಲ್ಕು ಸಿಗತಾರ. ಇರಲಿ, ಸಂತೋಷ. ನಂದೊಂದ ಪ್ರಶ್ನೆ ಅದ. ಆ ಹನ್ನೆರಡು ಸಾವಿರದಾಗ ನಿಮ್ಮ ಮನಿ ಹೆಂಗಸೂರಿಗೆ ಬೇಕಾದ ಹಾಡು ಎಷ್ಟವ? ಇದ್ರೂ, ಊರು ದಾಟೂದರೊಳಗ ಹುಡುಕಿ ಹಚ್ಚಲಿಕ್ಕೆ ಬರತದೇನು?

ಬರೂದಿಲ್ಲ. ಅದಕ್ಕ ಈ ಸಲ ನಾ ಜಗಳಕ್ಕ ನಿಂತೀನಿ. ಕಾರಿನ ಹಾಡಿನ ಕಾರಭಾರ ಪೂರಾ ಗಂಡಸೂರ ಮತ್ತ ಹುಡುಗೂರ ಕೈಯಾಗ ಬಿಟ್ಟು, ನಾವು ಮಡಿಲಾಗ ಬುತ್ತಿ ಡಬ್ಬಿ ಇಟ್ಕೊಂಡು ಕಿಡಕಿ ನೋಡಕೋತ ಹೋಗೂದು ಸಾಕು ಮಾಡೋಣು.

ಮೊದಲ ಲೆಕ್ಕ ನೋಡ್ರಿ. ಸಾಧಾರಣ ಎಂಪಿ3 ಹಾಡು ನಿಮಿಷಕ್ಕ ಸುಮಾರು 1 ಎಂಬಿ ಜಾಗಾ ಹಿಡೀತದ. 64 ಜಿಬಿ ಪೆನ್ ಡ್ರೈವ್ ತುಂಬಿದ್ರ ಒಂದು ಸಾವಿರ ತಾಸಿನಷ್ಟು ಹಾಡು ಆದಂಗಾತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ ಬರಲಿಕ್ಕೆ 14 ತಾಸು ಅಂತ ಹಿಡೀರಿ. ತಿಂಗಳಿಗೊಮ್ಮೆ ಹೋಗಿಬಂದ್ರೂ ಅದನ್ನೆಲ್ಲಾ ಕೇಳಿ ಮುಗಸಲಿಕ್ಕೆ 6 ವರ್ಷ ಬೇಕು! ಖರೇ ಅಂದ್ರ ಯಾರೂ ಕೇಳೂದಿಲ್ಲ. ಕೇಳೂದು ಅದ ನಲವತ್ತು ಹಾಡು, ಉಳದದ್ದೆಲ್ಲಾ ಹೇಳಿಕೊಳ್ಳಲಿಕ್ಕೆ. ಅದೂ ಅಲ್ಲದ ಭಾಳಷ್ಟು ಸ್ಟೀರಿಯೋಗಳಿಗೆ ಇಷ್ಟ ಫೋಲ್ಡರು, ಇಷ್ಟ ಫೈಲು ಅಂತ ಒಂದು ಮಿತಿ ಇರತದ. ಅದರಾಚೆ ಇದ್ದದ್ದು ಪೆನ್ ಡ್ರೈವಿನ್ಯಾಗ ಇದ್ರೂ ಗಾಡಿಗೆ ಕಾಣೂದ ಇಲ್ಲ. ಗಾಡಿ ಜೋಡಿ ಕೊಟ್ಟ ಪುಸ್ತಕದಾಗ ಬರದಿರತಾರ, ಯಾರೂ ತಗದು ನೋಡಿರೂದಿಲ್ಲ.

ಇನ್ನ ಆ ರಾಶಿ ಹ್ಯಾಂಗ ತಯಾರಾಗತದ ಅಂದ್ರ, ಮೊಬೈಲ್ ಅಂಗಡ್ಯಾಗ ರೊಕ್ಕ ಕೊಟ್ಟು ತುಂಬಿಸಿಕೊಂಡು ಬರೂದು. ಅಂಗಡಿ ಹುಡುಗ ತನ್ನ ಕಂಪ್ಯೂಟರಿನ್ಯಾಗ ಇದ್ದದ್ದೆಲ್ಲಾ ಒಂದ ಸಲಕ್ಕ ಸುರುವಿ ಕೊಡತಾನ. ಒಂದೊಂದು ಹಾಡಿನ ಹೆಸರಿನ ಮುಂದ ಯಾವುದೋ ವೆಬ್‌ಸೈಟಿನ ಹೆಸರು. ಸಣ್ಣ ಪರದೆ ಮ್ಯಾಲೆ ಆ ಹೆಸರಷ್ಟ ಕಾಣತದ, ಹಾಡಿನ ಹೆಸರು ಬರೂದರೊಳಗ ಪರದೆ ಮುಗೀತದ. ಇಲ್ಲಾಂದ್ರ "ಟ್ರ್ಯಾಕ್ 01" ಅಂತ ಮುನ್ನೂರು ಹಾಡು. ಅಡಗಿಮನ್ಯಾಗ ತೊಗರಿಬ್ಯಾಳಿ, ಸಾಸಿವಿ, ರವಾ, ಅವಲಕ್ಕಿ, ಸಕ್ಕರಿ ಎಲ್ಲಾ ಒಂದ ಚೀಲಕ್ಕ ಸುರುವಿ "ನಮ್ಮನ್ಯಾಗ ಎಲ್ಲಾ ಅದ" ಅಂದ್ರ ನೀವು ಒಪ್ಪತೀರೇನು? ನಾವು ಡಬ್ಬಿ ಡಬ್ಬಿಗೆ ಚೀಟಿ ಹಚ್ಚೋ ಮಂದಿ. ಇದನ್ನ ಮಾತ್ರ ಯಾಕ ಸುಮ್ಮನ ಬಿಟ್ಟೇವಿ?

60 ನಿಮಿಷದ ಕ್ಯಾಸೆಟ್ಟಿನ ಕಾಲ ನೆನಸಿಕೋರಿ. ಒಂದು ಬದಿಗೆ ಅರ್ಧ ತಾಸು. ಜಾಗಾ ಕಡಿಮಿ, ಅದಕ್ಕ ಯಾರರ ಕೂತು ಆರಿಸಬೇಕಾಗತಿತ್ತು. ಯಾವ ಹಾಡು ಮೊದಲ, ಯಾವುದು ಆಮ್ಯಾಲೆ ಅಂತ ವಿಚಾರ ಮಾಡಿ, ಒಳಗಿನ ಹಾಳಿ ಮ್ಯಾಲೆ ಬಾಲ್‌ಪೆನ್ನಿಲೆ ಬರೀತಿದ್ರು. ಜಾಗಾ ಹೆಚ್ಚಾತು, ಆರಿಸೂದು ಹೋತು.

ಆರಿಸೂದರ ಬದಲಿ ಈಗ ಶಫಲ್ ಗುಂಡಿ ಬಂದದ. ಅದರ ಉಪದ್ರ ಏನ್ ಹೇಳಲಿ! ಮುಂಜಾನೆ ಗಾಡಿ ಹೊಂಟದ ಅಂದ್ರ ಮಂಗಳಾರತಿ ಹಾಡು, ರಾತ್ರಿ ಮನಿ ಮುಟ್ಟೂ ಹೊತ್ತಿಗೆ ಉದಯರಾಗ, ನಡುವ ಐಟಂ ಸಾಂಗು. ನಮ್ಮ ಧಾರವಾಡದ ಕಡೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಅಂದ್ರ ಮನಿ ಮಂದಿ ಇದ್ದಂಗ. ಅವರ ರಾಗಕ್ಕ ಒಂದು ನಡಿಗಿ ಅದ. ಮೊದಲ ವಿಲಂಬಿತ, ಆಮ್ಯಾಲೆ ದ್ರುತ್. ರೆಕಾರ್ಡಿನ್ಯಾಗ ಅವೆರಡು ಬ್ಯಾರೆ ಬ್ಯಾರೆ ಫೈಲ್ ಆಗಿದ್ರ, ಶಫಲ್ ದ್ರುತ್ ಮೊದಲ ಹಚ್ಚಿ, ವಿಲಂಬಿತ ಚಿತ್ರದುರ್ಗ ದಾಟಿದ ಮ್ಯಾಲೆ ಹಚ್ಚತದ. ಹೋಳಿಗಿ ಮೊದಲ ಬಡಿಸಿ, ಕೈ ತೊಳದ ಮ್ಯಾಲೆ ಕೋಸಂಬರಿ ಹಾಕಿಧಂಗ.

"ಗಾಡಿ ಹೊಡಿಯೋರು ಎಚ್ಚರ ಇರಬೇಕಲ್ಲ, ಅದಕ್ಕ ಅವರ ಹಾಡು" ಅಂತಾರ. ಎಚ್ಚರದ ಮಾತ ಬಂತಂದ್ರ ನನ್ನ ಲೆಕ್ಕಾನೂ ಕೇಳ್ರಿ. ತಾಸಿಗೆ 80 ಕಿಲೋಮೀಟರ್ ಹೊಂಟ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಹೋಗತದ. ಹನ್ನೆರಡು ಸಾವಿರದಾಗ ಒಂದು ಹಾಡು ಹುಡಕಲಿಕ್ಕೆ ಮೂರು ಸೆಕೆಂಡ್ ಪರದೆ ನೋಡಿದ್ರ 66 ಮೀಟರ್ ಕಣ್ಣು ಮುಚ್ಚಿ ಗಾಡಿ ಹೊಡಧಂಗ. ಹಿಂದ ಕೂಸು ಮಲಗಿರತದ. ಹಾಡು ಮನ್ಯಾಗ ಹೊಂದಿಸಿ ಇಟ್ಟಿದ್ರ ಹುಡುಕೋ ಪ್ರಸಂಗನ ಬರೂದಿಲ್ಲ. ಹೊಡಿಯೋರ ಕೈ ಸ್ಟೀರಿಂಗ್ ಮ್ಯಾಲೆ ಇರಲಿ, ಹಾಡು ಬದಲ ಮಾಡೋ ಕೆಲಸ ಬಾಜೂಕ ಕೂತವರದಾಗಲಿ.

"ಈಗ ಎಲ್ಲಾ ಆ್ಯಪಿನ್ಯಾಗ ಸಿಗತದ, ಪೆನ್ ಡ್ರೈವ್ ಯಾಕ ಬೇಕು?" ಇದು ಹುಡುಗೂರ ಮಾತು. ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯೋ ಮುಂದ ನೆಟ್‌ವರ್ಕ್ ಹೋದ್ರ ಆ್ಯಪೂ ಮೌನ. ಆದ್ರ ಅದು ಸಣ್ಣ ಮಾತು. ದೊಡ್ಡ ಮಾತು ಏನಂದ್ರ, ನಮ್ಮದು ಭಾಳಷ್ಟು ಅದರಾಗ ಇಲ್ಲವ ಇಲ್ಲ. ಭೀಮಸೇನ ಜೋಶಿಯವರ ದಾಸವಾಣಿ ಸಿಗತದ, ಛಲೋ ಆತು. ನಿಮ್ಮ ಮನಿ ಉರುಟಣಿ ಹಾಡು? ಬೀಗರ ಹಾಡು? ತೊಟ್ಟಿಲ ಹಾಡು? ಅವನ್ನ ಹಾಡಿದವರು ಯಾರೂ ಸ್ಟುಡಿಯೋ ಮೆಟ್ಟಿಲು ಹತ್ತಿದವರಲ್ಲ.

ಹರಪನಹಳ್ಳಿ ಭೀಮವ್ವ, ಹೆಳವನಕಟ್ಟೆ ಗಿರಿಯಮ್ಮ ಇವರ ಹಾಡು ಇವತ್ತಿನ ತನಕ ಹ್ಯಾಂಗ ಬಂದ್ವು ಅಂತೀರಿ? ನಮ್ಮಜ್ಜಿಯರ ಬಾಯಿಂದ, ವಹಿಯೊಳಗಿನ ಅವರ ಅಕ್ಷರದಿಂದ. ಪ್ರತಿಯೊಂದು ಮನ್ಯಾಗ ಧಾಟಿ ಒಂಚೂರು ಬ್ಯಾರೆ. ಆ ಧಾಟಿ ಗೊತ್ತಿದ್ದವರು ಈಗ ಎಪ್ಪತ್ತು, ಎಂಬತ್ತು ದಾಟ್ಯಾರ. ಅವರ ದನಿ ಫೋನಿನ್ಯಾಗ ಸಿಕ್ಕಷ್ಟರ ಇಟ್ಕೊಳ್ಳದಿದ್ರ ಮುಂದ ಯಾರನ್ನ ಕೇಳೋದು?

ಇಲ್ಲೆ ಒಂದು ತಾಂತ್ರಿಕ ಮೋಸ ಅದ, ಲಕ್ಷ್ಯ ಕೊಡ್ರಿ. ಮಾವಶಿ ವಾಟ್ಸಾಪಿನ್ಯಾಗ ಹಾಡಿ ಕಳಿಸಿದ ಧ್ವನಿ ಎಂಪಿ3 ಇರೂದಿಲ್ಲ, ಓಪಸ್ ಅಂತ ಬ್ಯಾರೆ ನಮೂನಿ. ಫೋನಿನ್ಯಾಗ ನೆಟ್ಟಗ ಕೇಳಸತದ, ಆದ್ರ ಭಾಳಷ್ಟು ಕಾರಿನ ಸ್ಟೀರಿಯೋ ಅದನ್ನ ಗುರುತ ಹಿಡಿಯೂದಿಲ್ಲ, ಸುಮ್ಮನ ದಾಟಿ ಮುಂದ ಹೋಗತಾವ. ಮನಿ ಮಂದಿ "ಹಾಡು ಹಾಳಾಗಿರಬೇಕು" ಅಂತ ಅಳಿಸಿ ಬಿಡತಾರ. ಅದು ಹಾಳಾಗಿಲ್ಲ ರೀ! ಎಂಪಿ3ಗೆ ಬದಲ ಮಾಡಿಕೊಂಡ್ರ ಮಾವಶಿ ಕಾರಿನ್ಯಾಗೂ ಹಾಡತಾಳ.

ಹಂಗಾರ ಮಾಡೂದೇನು? ಇದು ಇಂಜಿನಿಯರ್ ಕೆಲಸ ಅಲ್ಲ, ಡಬ್ಬಿ ಹೊಂದಿಸೋ ಕೆಲಸ. 16 ಇಲ್ಲಾ 32 ಜಿಬಿ ಪೆನ್ ಡ್ರೈವ್ ಸಾಕು. ಅದು ಫ್ಯಾಟ್32 ರೀತಿ ಫಾರ್ಮ್ಯಾಟ್ ಆಗಿರಲಿ, ಎನ್‌ಟಿಎಫ್‌ಎಸ್ ಇದ್ರ ಎಷ್ಟೋ ಗಾಡಿ ಓದೂದಿಲ್ಲ. ಫಾರ್ಮ್ಯಾಟ್ ಮಾಡಿದ್ರ ಒಳಗಿದ್ದದ್ದೆಲ್ಲಾ ಅಳದು ಹೋಗತದ, ಅದಕ್ಕ ಮೊದಲ ನಕಲು ತಗದಿಡ್ರಿ. ಮನ್ಯಾಗ ಎಷ್ಟು ಮಂದಿಯೋ ಅಷ್ಟು ಫೋಲ್ಡರು: ಅಜ್ಜಿದೊಂದು, ವೈನಿದೊಂದು, ಹುಡುಗೂರದೊಂದು, ಗಾಡಿ ಹೊಡಿಯೋರದೂ ಒಂದು. ಒಬ್ಬೊಬ್ಬರಿಗೆ ಐವತ್ತೋ ನೂರೋ ಹಾಡು, ಹೆಚ್ಚು ಬ್ಯಾಡ. ಹೆಸರಿನ ಮುಂದ 01, 02 ಅಂತ ಅಂಕಿ ಹಾಕಿ ಅದ ಕ್ರಮದಾಗ ನಕಲು ಮಾಡ್ರಿ, ಯಾಕಂದ್ರ ಕೆಲವು ಸ್ಟೀರಿಯೋ ಹೆಸರು ನೋಡೂದಿಲ್ಲ, ಮೊದಲ ಹಾಕಿದ್ದನ್ನ ಮೊದಲ ಹಾಡತಾವ. ಕನ್ನಡ ಅಕ್ಷರ ಪರದೆ ಮ್ಯಾಲೆ ಬರೇ ಚೌಕಟ್ಟು ಆಗಿ ಕಂಡ್ರ ಇಂಗ್ಲಿಷ್ ಅಕ್ಷರದಾಗ ಬರೀರಿ. ಮತ್ತ ಒಂದ ಒಂದು ನಕಲು ಕಾರಿನ್ಯಾಗ ಬಿಟ್ಟು ನಿಶ್ಚಿಂತಿ ಇರಬ್ಯಾಡ್ರಿ. ಬ್ಯಾಸಗಿ ಬಿಸಲಾಗ ನಿಂತ ಗಾಡಿ ಒಳಗ ಒಲಿ ಇದ್ದಂಗ ಇರತದ. ಅಸಲು ಮನಿ ಕಂಪ್ಯೂಟರಿನ್ಯಾಗ ಇರಲಿ, ಇನ್ನೊಂದು ನಕಲು ತಂಗಿ ಮನ್ಯಾಗ ಇರಲಿ.

ಕಡೀಕ ಒಂದು ಮಾತು ಬರತದ ಅಂತ ಗೊತ್ತು: "ಹಾಡಿನ ಸಲುವಾಗಿ ಇಷ್ಟು ಜಗಳೇನು, ಹೊಂದಿಕೊಂಡು ಹೋಗಬಾರದೇನು?" ಹೊಂದಿಕೊಂಡೇ ಬಂದೇವಿ ರೀ. ಟಿವಿ ರಿಮೋಟಿಗೆ ಹೊಂದಿಕೊಂಡ್ವಿ, ಎಲ್ಲರ ಊಟ ಆದ ಮ್ಯಾಲೆ ಉಣ್ಣೂದಕ್ಕ ಹೊಂದಿಕೊಂಡ್ವಿ. ಹೊಂದಿಕೊಂಡು ಹೊಂದಿಕೊಂಡು "ನಿನಗ ಯಾವ ಹಾಡು ಬೇಕವ್ವಾ?" ಅಂತ ಕೇಳಿದ್ರ "ಯಾವುದರ ನಡೀತದ" ಅನ್ನೂದು ರೂಢಿ ಆಗ್ಯದ. ಆ ಉತ್ತರ ಇನ್ನ ಬ್ಯಾಡ. ಹೆಸರು ಹೇಳ್ರಿ. ಇವತ್ತ ಒಂದು ಹಾಳಿ ಮ್ಯಾಲೆ ನಿಮಗ ಬೇಕಾದ ಹತ್ತು ಹಾಡು ಬರೀರಿ, ನಿಮ್ಮವ್ವಗ ಬೇಕಾದ ಹತ್ತು ಫೋನ್ ಮಾಡಿ ಕೇಳ್ರಿ. ಮುಂದಿನ ಪಯಣಕ್ಕ ಪೆಟ್ರೋಲ್ ಹಾಕಿಸೋಕ್ಕಿಂತ ಮೊದಲ ಆ ಇಪ್ಪತ್ತು ಹಾಡು ಗಾಡಿ ಏರಲಿ.