ಪ್ರಮಾಣಪತ್ರ ಸಿಕ್ಕಿತು, ತರಬೇತಿ ಸಿಕ್ಕಿತೇ? ಬಂದೂಕು ಪರವಾನಗಿ ಮತ್ತು ಐದು ತಾಲ್ಲೂಕುಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಕರಾವಳಿಯ ನಮಗೆ ಅಪರಿಚಿತವಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಲ್ಲಿಂದ ಕೂಲಿ ಹುಡುಕಿಕೊಂಡು ಮಂಗಳೂರು, ಉಡುಪಿಯ ಕಡೆಗೂ ಕಾಫಿ ತೋಟಗಳ ಕಡೆಗೂ ಕುಟುಂಬಗಳು ಬರುತ್ತವೆ. ಅಲ್ಲಿನ ಹಳ್ಳಿಗಳಲ್ಲಿ ಶಾಲೆ, ದವಾಖಾನೆ ಎಂದು ದುಡಿಯುವ ನಮ್ಮ ಕಡೆಯವರೂ ಇದ್ದಾರೆ. ಆ ಭಾಗದ ರೈತನಿಗೂ ನಮ್ಮ ಸುಳ್ಯ, ಬೆಳ್ತಂಗಡಿಯ ಕೃಷಿಕನಿಗೂ ಒಂದು ವಿಷಯದಲ್ಲಿ ಹೋಲಿಕೆ ಇದೆ. ಇಬ್ಬರೂ ರಾತ್ರಿ ಹೊಲ, ತೋಟ ಕಾಯಬೇಕು. ಇಬ್ಬರಿಗೂ ಬಂದೂಕಿನ ನೆನಪಾಗುತ್ತದೆ.

ಮೆಕ್ಕೆಜೋಳ, ಶೇಂಗಾ ಹೊಲಗಳಿಗೆ ನುಗ್ಗುವ ಹಂದಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮದ ಸುತ್ತಿನ ಬೆಟ್ಟಗಳಿಂದ ಇಳಿದು ಬರುವ ಕರಡಿ, ಇವು ಆ ಭಾಗದ ನಿತ್ಯದ ಮಾತು. ಪಟ್ಟಣದಲ್ಲಿ ವ್ಯವಹಾರ ಮಾಡುವವರು ಆತ್ಮರಕ್ಷಣೆಗೆಂದು ಪಿಸ್ತೂಲು, ರಿವಾಲ್ವರ್ ಕೇಳುತ್ತಾರೆ. ಬ್ಯಾಂಕಿನ ಬಾಗಿಲು ಕಾಯುವ ಕೆಲಸಕ್ಕೂ ಬಂದೂಕು ಬಲ್ಲವರು ಬೇಕು. ಹೀಗೆ ಅರ್ಜಿ ಹಾಕುವವರಿಗೆಲ್ಲ ಈಗ ಒಂದು ಕಾಗದ ಅಗತ್ಯ. ಅದೇ ಸುರಕ್ಷತಾ ತರಬೇತಿ ಪಡೆದ ಪ್ರಮಾಣಪತ್ರ. ಆ ಕಾಗದದ ಹಿಂದೆ ನಿಜವಾದ ಕಲಿಕೆ ಇದೆಯೇ ಎಂಬುದೇ ನಮ್ಮ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಬಂದೂಕು ಹೊಂದುವುದು ಹಕ್ಕಲ್ಲ, ಸರಕಾರ ಕೊಡುವ ಅನುಮತಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದಕ್ಕೆ ಆಧಾರ. ಪರವಾನಗಿಗೆ 21 ವರ್ಷ ತುಂಬಿರಬೇಕು. ಬೆಳೆ ರಕ್ಷಣೆಗೆ ಮದ್ದು ತುಂಬುವ ನಾಡಬಂದೂಕು, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬಂದೂಕು ಕೇಳುವವರನ್ನು ಕಾಯ್ದೆ ಸ್ವಲ್ಪ ಉದಾರವಾಗಿ ನೋಡುತ್ತದೆ. ಪಿಸ್ತೂಲು, ರಿವಾಲ್ವರಿಗಾದರೆ ಅರ್ಜಿದಾರ ತಕ್ಕ ಕಾರಣವನ್ನು ಅಧಿಕಾರಿಗೆ ಮನದಟ್ಟು ಮಾಡಬೇಕು.

1962ರ ಹಳೆಯ ನಿಯಮಗಳಲ್ಲಿ ಕಡ್ಡಾಯ ತರಬೇತಿ ಎಂಬುದೇ ಇರಲಿಲ್ಲ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದೂಕು ಬಂದಂತೆ ವಿದ್ಯೆಯೂ ಬರುತ್ತದೆ ಎಂದು ನಂಬಲಾಗಿತ್ತು. 2016ರ ಹೊಸ ನಿಯಮಗಳು ಇದನ್ನು ಬದಲಿಸಿದವು. ಬಂದೂಕನ್ನು ಹಿಡಿಯುವ ಮತ್ತು ಒಯ್ಯುವ ಕ್ರಮ, ಗುಂಡು ಹಾರಿಸುವ ವಿಧಾನ, ಆಯುಧದ ನಿರ್ವಹಣೆ, ಸುರಕ್ಷಿತವಾಗಿ ಇಡುವ ರೀತಿ ಇವುಗಳನ್ನು ಕಲಿತ ಮೇಲೆಯೇ ಪರವಾನಗಿ ಎಂದಾಯಿತು. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆಯೇ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸಿ ಪ್ರಮಾಣಪತ್ರ ಕೊಡುತ್ತಾ ಬಂದಿದೆ. ಇದು ಒಳ್ಳೆಯ ಪದ್ಧತಿ.

2019ರ ತಿದ್ದುಪಡಿ ಇನ್ನೆರಡು ಮುಖ್ಯ ಬದಲಾವಣೆ ತಂದಿತು. ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಇತರರ ಜೀವಕ್ಕೆ ಅಪಾಯವಾಗುವಂತೆ ನಿರ್ಲಕ್ಷ್ಯದಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂಬ ನಿಯಮವೂ ಆಗಲೇ ಸೇರಿತು.

ಮೂರು ಘಟನೆ, ಮೂರು ಪಾಠ

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಮೂರು ದುರಂತಗಳನ್ನು ನೆನಪಿಸಿಕೊಳ್ಳೋಣ.

2021ರ ಅಕ್ಟೋಬರಿನಲ್ಲಿ ಮಂಗಳೂರಿನ ಕಚೇರಿಯೊಂದರಲ್ಲಿ ಸಂಬಳದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಮಾಲೀಕರು ತಮ್ಮ ಪಿಸ್ತೂಲಿನಿಂದ ಹಾರಿಸಿದ ಗುಂಡು ಪಕ್ಕದಲ್ಲಿದ್ದ ಸ್ವಂತ ಮಗನಿಗೇ ತಗುಲಿತು. ಬಾಲಕ ಬದುಕಲಿಲ್ಲ.

2022ರ ಡಿಸೆಂಬರ್ 31ರ ರಾತ್ರಿ ಶಿವಮೊಗ್ಗದಲ್ಲಿ ಹೊಸ ವರ್ಷದ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸಲು ಹಿರಿಯರೊಬ್ಬರು ಬಂದೂಕನ್ನು ಸಿದ್ಧಗೊಳಿಸುತ್ತಿದ್ದರು. ಅದು ಸಿಡಿದು ಎದುರಿಗಿದ್ದ ಮಗನ ಗೆಳೆಯನಿಗೆ ತಗುಲಿತು. ಅದನ್ನು ಕಂಡ ಹಿರಿಯರು ಹೃದಯಾಘಾತದಿಂದ ತೀರಿಕೊಂಡರು. ಗಾಯಗೊಂಡ ಯುವಕನೂ ಉಳಿಯಲಿಲ್ಲ.

2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂನಲ್ಲಿದ್ದ ಬಂದೂಕು ಕೂಲಿ ಕುಟುಂಬದ ಬಾಲಕನೊಬ್ಬನ ಕೈಗೆ ಸಿಕ್ಕಿತು. ಆಟವೆಂದು ಎತ್ತಿಕೊಂಡ ಬಂದೂಕು ಸಿಡಿದು ಪುಟ್ಟ ಮಗು ಸತ್ತಿತು.

ಈ ಮೂರರಲ್ಲಿ ಎಲ್ಲಿಯೂ ಕಳ್ಳನಿಲ್ಲ, ದರೋಡೆಕೋರನಿಲ್ಲ. ಮೊದಲನೆಯದರಲ್ಲಿ ಸಿಟ್ಟು, ಎರಡನೆಯದರಲ್ಲಿ ಸಂಭ್ರಮ, ಮೂರನೆಯದರಲ್ಲಿ ಬಂದೂಕನ್ನು ಕೈಗೆಟಕುವಂತೆ ಇಟ್ಟ ಅಸಡ್ಡೆ. ಗುರಿ ತಪ್ಪಿದ್ದರಿಂದ ಇವು ಆದದ್ದಲ್ಲ. ಗುರಿಯಿಡುವುದಕ್ಕೆ ಮೊದಲು ಕಲಿಯಬೇಕಾದದ್ದನ್ನು ಕಲಿಯದೆ, ಅಥವಾ ಕಲಿತದ್ದನ್ನು ಪಾಲಿಸದೆ ಆದದ್ದು. ಆದ್ದರಿಂದ ತರಬೇತಿ ಎಂದರೆ ಗುಂಡು ಹೊಡೆಸಿ ಕಳುಹಿಸುವುದು ಎಂಬ ಭಾವನೆ ಮೊದಲು ಹೋಗಬೇಕು.

ಕಲಿಸುವ ಜಾಗದಲ್ಲೇ ಅಪಾಯ

ತರಬೇತಿ ಕೆಟ್ಟದ್ದಾದರೆ ತರಗತಿಯೇ ಅಪಾಯದ ಜಾಗವಾಗುತ್ತದೆ. ಅಮೆರಿಕದಲ್ಲಿ ಕೈಬಂದೂಕು ಒಯ್ಯುವ ಪರವಾನಗಿಗೆಂದು ಖಾಸಗಿ ತರಗತಿಗಳು ನಡೆಯುತ್ತವೆ. 2013ರ ಆಗಸ್ಟಿನಲ್ಲಿ ಓಹಿಯೋ ರಾಜ್ಯದ ಅಂತಹ ಒಂದು ತರಗತಿಯಲ್ಲಿ ಶಿಕ್ಷಕನ ಕೈಯಲ್ಲಿದ್ದ ಬಂದೂಕು ಸಿಡಿಯಿತು. ಗುಂಡು ಮೇಜಿಗೆ ಬಡಿದು ಪುಟಿದು ವಿದ್ಯಾರ್ಥಿಯೊಬ್ಬನ ತೋಳಿಗೆ ತಗುಲಿತು. ಮರುವರ್ಷದ ಆಗಸ್ಟಿನಲ್ಲಿ ಅರಿಜೋನಾದ ಶೂಟಿಂಗ್ ರೇಂಜ್ ಒಂದರಲ್ಲಿ 9 ವರ್ಷದ ಬಾಲಕಿಯ ಕೈಗೆ ಊಜಿ ಎಂಬ ಸಬ್‌ಮೆಶಿನ್ ಗನ್ ಕೊಡಲಾಯಿತು. ಅದು ಹಿಂದಕ್ಕೆ ಒದೆದ ರಭಸಕ್ಕೆ ಹಿಡಿತ ತಪ್ಪಿ ಪಕ್ಕದಲ್ಲಿದ್ದ ಶಿಕ್ಷಕನೇ ಗುಂಡಿಗೆ ಬಲಿಯಾದ. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಪರವಾನಗಿಯೂ ಇಲ್ಲದೆ ಕೈಬಂದೂಕು ಒಯ್ಯಬಹುದು. ನಾವು ಅತ್ತ ಹೋಗಿಲ್ಲ ಎಂಬುದು ಸಮಾಧಾನದ ವಿಷಯ. ಆದರೆ ನಿಯಮವನ್ನು ಕಾಗದದಲ್ಲಿ ಮಾತ್ರ ಉಳಿಸಿಕೊಂಡರೆ ಕೊನೆಗೆ ಎರಡಕ್ಕೂ ವ್ಯತ್ಯಾಸ ಇರುವುದಿಲ್ಲ.

ಸುರಕ್ಷತೆಯ ಮೂಲ ಸೂತ್ರಗಳು ನಾಲ್ಕೇ. ಪ್ರತಿಯೊಂದು ಬಂದೂಕಿನಲ್ಲೂ ಗುಂಡು ಇದೆಯೆಂದೇ ತಿಳಿದು ಹಿಡಿಯಬೇಕು. ಹೊಡೆಯಲು ಇಚ್ಛೆಯಿಲ್ಲದ ಯಾವುದರತ್ತವೂ ನಳಿಗೆಯ ಬಾಯಿ ತಿರುಗಬಾರದು. ಗುರಿ ಇಡುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ತಿಳಿದಿರಬೇಕು. ಇವನ್ನು ಬಾಯಿಪಾಠ ಮಾಡಲು ಐದು ನಿಮಿಷ ಸಾಕು. ಕೈಗೆ ರೂಢಿಯಾಗಲು ದಿನಗಳು ಬೇಕು. ಆ ರೂಢಿ ಮಾಡಿಸುವುದೇ ಶಿಕ್ಷಕನ ಕೆಲಸ.

ಪಿಸ್ತೂಲು, ರಿವಾಲ್ವರಿನ ವಿಷಯದಲ್ಲಿ ಇದು ಇನ್ನೂ ಕಠಿಣ. ಉದ್ದ ನಳಿಗೆಯ ಬಂದೂಕು ಯಾವ ಕಡೆ ತಿರುಗಿದೆ ಎಂದು ದೂರದಿಂದಲೇ ಕಾಣುತ್ತದೆ. ಪಿಸ್ತೂಲಿನ ನಳಿಗೆ ಗಿಡ್ಡ. ಮಣಿಕಟ್ಟು ತುಸು ಹೊರಳಿದರೆ ಸಾಕು, ಅದರ ಬಾಯಿ ಪಕ್ಕದವನ ಹೊಟ್ಟೆಯತ್ತ ತಿರುಗಿರುತ್ತದೆ. 'ಸಾರ್, ಇದು ಕೆಲಸ ಮಾಡುತ್ತಿಲ್ಲ' ಎಂದು ಕಲಿಯುವವನು ಪಿಸ್ತೂಲು ಹಿಡಿದುಕೊಂಡೇ ಶಿಕ್ಷಕನತ್ತ ತಿರುಗುವ ಸಂಭವ ಸದಾ ಇರುತ್ತದೆ. ಮ್ಯಾಗಜೀನ್ ತೆಗೆದರೆ ಪಿಸ್ತೂಲು ಖಾಲಿಯಾಯಿತು ಎಂದು ಹೊಸಬರು ತಿಳಿಯುತ್ತಾರೆ. ಚೇಂಬರಿನಲ್ಲಿ ಒಂದು ಗುಂಡು ಉಳಿದಿರಬಹುದು. ಆ ಒಂದೇ ಗುಂಡು ಸಾಕು. ನಾಡಬಂದೂಕಿನದು ಬೇರೆ ಅಪಾಯ. ಕಿಡಿ ಹತ್ತಿದರೂ ಮದ್ದು ಕೆಲವೊಮ್ಮೆ ತಡವಾಗಿ ಸಿಡಿಯುತ್ತದೆ. ಸಿಡಿಯಲಿಲ್ಲವೆಂದು ನಳಿಗೆಯೊಳಗೆ ಇಣುಕಿದವನ ಗತಿ ಹೇಳಬೇಕಿಲ್ಲ. ಬೀಡಿ ಸೇದುತ್ತಾ ಮದ್ದು ತುಂಬುವವರಿಗೂ ಇದೇ ಎಚ್ಚರಿಕೆ.

ಶಿಕ್ಷಕ ಎಂಥವನಿರಬೇಕು?

ಒಳ್ಳೆಯ ಗುರಿಕಾರರೆಲ್ಲ ಒಳ್ಳೆಯ ಶಿಕ್ಷಕರಲ್ಲ. ಸೇನೆಯಲ್ಲಿ, ಪೊಲೀಸಿನಲ್ಲಿ ದುಡಿದವರ ಅನುಭವ ದೊಡ್ಡದು, ನಿಜ. ಆದರೆ ತಿಂಗಳುಗಟ್ಟಲೆ ಶಿಸ್ತಿನ ಕವಾಯತು ಮಾಡಿದ ಯುವಕನಿಗೆ ಕಲಿಸುವುದು ಬೇರೆ. ಎರಡು ದಿನಕ್ಕೆ ಬಂದ 55 ವರ್ಷದ ರೈತನಿಗೆ ಅಥವಾ ಅಂಗಡಿ ಮಾಲೀಕನಿಗೆ ಕಲಿಸುವುದು ಬೇರೆ. 'ಅಪ್ಪಾ, ಬೆರಳು ತೆಗಿ' ಎಂದು ನೂರು ಸಲ ಹೇಳುವ ತಾಳ್ಮೆ ಬೇಕು. ತಪ್ಪು ಮಾಡಿದವನಿಗೆ, ಅವನು ಊರಿನ ಎಷ್ಟೇ ದೊಡ್ಡ ಕುಳವಾದರೂ, 'ನೀವು ಇನ್ನೂ ಕಲಿತಿಲ್ಲ' ಎಂದು ಹೇಳಿ ವಾಪಸು ಕಳುಹಿಸುವ ಧೈರ್ಯ ಬೇಕು. ಬಂದವರೆಲ್ಲ ಪಾಸಾಗುವ ತರಗತಿಯಲ್ಲಿ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಹೋಲಿಕೆಗೆ ಒಂದು ಲೆಕ್ಕ ನೋಡಿ. ಖಾಸಗಿ ಭದ್ರತಾ ಸಂಸ್ಥೆಗಳ 2005ರ ಕಾಯ್ದೆಯಡಿ ಕೇಂದ್ರ ಸರಕಾರ 2006ರಲ್ಲಿ ಮಾದರಿ ನಿಯಮಗಳನ್ನು ರೂಪಿಸಿತು. ಕಾವಲುಗಾರನಿಗೆ ಕನಿಷ್ಠ 100 ಗಂಟೆ ತರಗತಿ ಪಾಠ ಮತ್ತು 60 ಗಂಟೆ ಮೈದಾನದ ಅಭ್ಯಾಸ, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ ಹಂಚಿ ಆಗಬೇಕು ಎಂದು ಅವು ಹೇಳಿದವು. ಲಾಠಿ ಹಿಡಿದು ಗೇಟು ಕಾಯುವವನಿಗೆ 160 ಗಂಟೆ ಬೇಕೆಂದರೆ, ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಸಂತೆಗೆ ಹೋಗುವವನಿಗೆ ಒಂದು ಮಧ್ಯಾಹ್ನ ಸಾಕೇ? ಆ 160 ಗಂಟೆಯೂ ಎಷ್ಟು ಕಡೆ ನಿಜವಾಗಿ ನಡೆಯುತ್ತದೆ ಎಂದು ಕಾವಲು ಕೆಲಸಕ್ಕೆ ಬಂದ ನಮ್ಮ ಯುವಕರನ್ನೇ ಕೇಳುವುದು ಒಳ್ಳೆಯದು.

ಐದು ತಾಲ್ಲೂಕುಗಳ ಕಷ್ಟ

ಈ ಭಾಗದ ಜನರಿಗೆ ದೂರವೇ ಮೊದಲ ತೊಡಕು. ಹರಪನಹಳ್ಳಿಯ ರೈತನಿಗೆ ಜಿಲ್ಲಾ ಕೇಂದ್ರವಾದ ಹೊಸಪೇಟೆ ನೂರು ಕಿಲೋಮೀಟರಿನಷ್ಟು ದೂರ. ಆ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಒಬ್ಬ ಹಳೆಯ ಪರವಾನಗಿದಾರನ ಕಡತ ಮೂರು ಜಿಲ್ಲಾ ಕೇಂದ್ರಗಳನ್ನು ಕಂಡಿರಬಹುದು. ಇಷ್ಟು ಅಲೆದಾಟದ ನಡುವೆ ಕೂಲಿ ಬಿಟ್ಟು ತರಬೇತಿಗೆ ಹೋಗಿ ಕೂರುವುದು ಭಾರವೇ. ಆಗಲೇ 'ನೀವು ಬರಬೇಕಾಗಿಲ್ಲ, ಕಾಗದ ನಾವು ಮಾಡಿಸಿ ಕೊಡುತ್ತೇವೆ' ಎನ್ನುವ ಮಧ್ಯವರ್ತಿಗೆ ದಾರಿಯಾಗುತ್ತದೆ. ವಾಹನ ಚಾಲನಾ ಪರವಾನಗಿಯಲ್ಲಿ ಈ ಆಟವನ್ನು ನಾವೆಲ್ಲ ಕಂಡಿದ್ದೇವೆ. ಬಂದೂಕಿನ ವಿಷಯದಲ್ಲಿ ಅದು ನಡೆಯಬಾರದು.

ಇದಕ್ಕೆ ಪರಿಹಾರ ಕಷ್ಟವಲ್ಲ. ಜಿಲ್ಲಾ ಪೊಲೀಸರು ವರ್ಷಕ್ಕೊಮ್ಮೆಯಾದರೂ ಹರಪನಹಳ್ಳಿ, ಕೂಡ್ಲಿಗಿಯಂತಹ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಶಿಬಿರ ನಡೆಸಲಿ. 2016ಕ್ಕೆ ಮೊದಲೇ ಪರವಾನಗಿ ಪಡೆದು ಯಾವ ತರಬೇತಿಯನ್ನೂ ಕಾಣದವರನ್ನು ಅದಕ್ಕೆ ಕರೆಯಲಿ. ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಗೆ ತಂದು ಒಪ್ಪಿಸಬೇಕಾಗುತ್ತದೆ. ಬೆಳೆ ಕಾಯುವ ಕಾಲದಲ್ಲಿ ಇದು ತೊಂದರೆ ಎಂಬ ಕೃಷಿಕರ ದೂರು ನಮ್ಮ ಕರಾವಳಿಯಲ್ಲೂ ಇದೆ. ಆದರೆ ಎಲ್ಲ ಪರವಾನಗಿದಾರರೂ ಠಾಣೆಗೆ ಬರುವ ಆ ದಿನವೇ ಒಂದು ಗಂಟೆಯ ಸುರಕ್ಷತಾ ಪಾಠ ನಡೆಸಿದರೆ ಸರಕಾರಕ್ಕೆ ಹೆಚ್ಚಿನ ಖರ್ಚಿಲ್ಲ.

ಇನ್ನೊಂದು ಮಾತನ್ನು ಆ ಪಾಠದಲ್ಲಿ ಹೇಳಲೇಬೇಕು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕರಡಿಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಪ್ರಾಣ ಉಳಿಸಿಕೊಳ್ಳಲು ಬೇರೆ ದಾರಿಯೇ ಇಲ್ಲದ ಗಳಿಗೆಯ ಮಾತು ಬೇರೆ. ಹೊಲಕ್ಕೆ ಬಂತೆಂದು ಕರಡಿಯನ್ನು ಹೊಡೆದರೆ ಜೈಲು ತಪ್ಪದು. ಕತ್ತಲಲ್ಲಿ ಪೊದೆ ಅಲುಗಿದ್ದನ್ನು ಕಂಡು ಹೊಡೆದ ಗುಂಡು ಪಕ್ಕದ ಹೊಲ ಕಾಯುವ ನೆರೆಯವನಿಗೂ ತಗುಲಬಹುದು.

ನಾವು ಮಾಡಬಹುದಾದದ್ದು

ಊರಿನ ಜನ ಅರ್ಜಿ ಬರೆಸಲು, ಕಾಗದ ಓದಿಸಲು ಬರುವುದು ಸಾಮಾನ್ಯವಾಗಿ ಶಾಲೆಯ ಶಿಕ್ಷಕರ, ಸಮಾಜ ಸೇವಾ ಕಾರ್ಯಕರ್ತರ ಬಳಿಗೆ. ಆದ್ದರಿಂದ ಈ ವಿಷಯ ನಮಗೂ ಸೇರಿದ್ದು. ಬಂದೂಕು ತರಬೇತಿಗೆ ಹೊರಟವರಿಗೆ ಕೆಲವು ಪ್ರಶ್ನೆಗಳನ್ನು ಕಲಿಸಿಕೊಡೋಣ. ಪ್ರಮಾಣಪತ್ರ ಕೊಡುವವರಿಗೆ ಅದನ್ನು ಕೊಡುವ ಅಧಿಕಾರ ಇದೆಯೇ? ಒಬ್ಬ ಶಿಕ್ಷಕನಿಗೆ ಏಕಕಾಲದಲ್ಲಿ ಎಷ್ಟು ಜನ ಗುಂಡು ಹೊಡೆಯುವವರು? ಪಾಠ ಹೇಳುವ ಕೋಣೆಗೆ ನಿಜವಾದ ತೋಟೆಗಳನ್ನು ತರುತ್ತಾರೆಯೇ? ಕಿವಿ, ಕಣ್ಣಿಗೆ ರಕ್ಷಣೆ ಕೊಡುತ್ತಾರೆಯೇ? ಗಾಯವಾದರೆ ಪ್ರಥಮ ಚಿಕಿತ್ಸೆ, ವಾಹನ ಸಿದ್ಧವಿದೆಯೇ? ಮನೆಯಲ್ಲಿ ಬಂದೂಕು ಎಲ್ಲಿಡುತ್ತೀರಿ ಎಂದು ಕೇಳುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನೇ ಕೇಳದ ತರಗತಿಗೆ ಹಣ ಕೊಡುವುದು ವ್ಯರ್ಥ.

ಮನೆಯ ಹೆಂಗಸರಿಗೂ ಒಂದು ಮಾತು. ಬಂದೂಕಿನ ಪರವಾನಗಿ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುತ್ತದೆ. ಆದರೆ ಅದು ಇರುವ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ನೀವು. ಬಂದೂಕು ಒಂದು ಕಡೆ, ತೋಟೆ ಇನ್ನೊಂದು ಕಡೆ, ಎರಡಕ್ಕೂ ಬೀಗ, ಬೀಗದ ಕೈ ಮಕ್ಕಳಿಗೆ ಕಾಣದಂತೆ. ಇದನ್ನು ಕೇಳುವ ಹಕ್ಕು ನಿಮಗಿದೆ. ಕುಡಿದ ದಿನ, ಜಗಳದ ದಿನ, ಮದುವೆ ಜಾತ್ರೆಯ ದಿನ ಆ ಬೀಗ ತೆರೆಯಬಾರದು.

ಬಂದೂಕು ಬೇಡವೇ ಬೇಡ ಎಂದು ಹೊಲ ಕಾಯುವವನಿಗೆ ಹೇಳುವುದು ಸುಲಭ, ಅವನ ಬೆಳೆಗೆ ಜವಾಬ್ದಾರಿ ಹೊರುವುದು ಕಷ್ಟ. ನಾವು ಹಾಗೆ ಹೇಳುತ್ತಿಲ್ಲ. ಕಾನೂನು ಕೇಳುವ ತರಬೇತಿ ನಿಜವಾದ ತರಬೇತಿಯಾಗಲಿ ಎಂದಷ್ಟೇ ಹೇಳುತ್ತಿದ್ದೇವೆ. ನಾಗಮಂಗಲದ ಆ ಮಗುವಿಗೆ ಯಾರೂ ಗುರಿಯಿಟ್ಟಿರಲಿಲ್ಲ. ಬಂದೂಕು ಬೀಗದೊಳಗೆ ಇದ್ದಿದ್ದರೆ ಸಾಕಿತ್ತು.