ಹುಳುವಿನ ಹೊಟ್ಟೆಯ ವಿಚಾರ

ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ತೋಯ್ದ ಮೇಲೆ, ಕತ್ತಲು ಕವಿಯುವ ಹೊತ್ತಿಗೆ, ತೀರ್ಥಹಳ್ಳಿ ಸೀಮೆಯ ಅಡಕೆ ತೋಟಗಳಲ್ಲಿ ಕಂದುಬಣ್ಣದ ದುಂಬಿಗಳು ಮಣ್ಣಿನಿಂದ ಮೇಲೆದ್ದು ಹಾರತೊಡಗುತ್ತವೆ. ಅಲ್ಪಕಾಲ ಬಾಳಿ, ಮಣ್ಣಿನಲ್ಲಿ ಮೊಟ್ಟೆಯಿಟ್ಟು ಅವು ಗತಿಸಿದ ಬಳಿಕ, ಆ ಮೊಟ್ಟೆಗಳೊಡೆದು ಬರುವ ಬೆಳ್ಳನೆಯ, ಬಾಗಿದ ಮೈಯ ಮರಿಗಳೇ ನಮ್ಮ ಬೆಳೆಗಾರರ ನಿದ್ದೆಗೆಡಿಸುವ ಬೇರುಹುಳುಗಳು. ಮೇಲೆ ನಿಂತು ನೋಡುವವನಿಗೆ ಗರಿ ಹಳದಿಗೆ ತಿರುಗುವುದೂ ಮರ ಸೊರಗುವುದೂ ಕಾಣುತ್ತದೆಯೇ ಹೊರತು, ಬುಡದ ಕತ್ತಲೆಯಲ್ಲಿ ಬೇರು ಕಡಿಯುತ್ತಿರುವ ಹುಳು ಕಾಣುವುದಿಲ್ಲ. ಆದುದರಿಂದಲೇ ಬುಡ ಬಿಡಿಸಿ, ಕೀಟನಾಶಕವನ್ನು ನೀರಿಗೆ ಬೆರೆಸಿ ಕೊಡಗಟ್ಟಲೆ ಹೊಯ್ಯುವುದು ವಾಡಿಕೆಯಾಗಿ ಹೋಗಿದೆ. ಹೊಯ್ದ ವಿಷವು ಬೇರುಹುಳುವನ್ನು ಮಾತ್ರ ಹುಡುಕಿಕೊಂಡು ಹೋಗಿ ಕೊಲ್ಲುವುದಿಲ್ಲವೆಂಬುದನ್ನು ಬಲ್ಲವರೂ ಬೇರೆ ದಾರಿ ಕಾಣದೆ ಹೊಯ್ಯುತ್ತಾರೆ.

ಬೇರೆ ದಾರಿ ಇದೆ, ಮತ್ತು ಅದು ಒಂದು ಹುಳುವಿನ ಹೊಟ್ಟೆಯೊಳಗೇ ಇದೆ. ಹೆಟೆರೊರಾಬ್ಡಿಟಿಸ್ ಇಂಡಿಕಾ ಎಂಬ, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜಂತುಹುಳುವನ್ನು ತಮಿಳುನಾಡಿನ ಮಣ್ಣಿನಿಂದ ತೆಗೆದು ವಿಜ್ಞಾನಿಗಳು 1992ರಲ್ಲಿ ವರ್ಣಿಸಿದರು. ಒದ್ದೆ ಮಣ್ಣಿನಲ್ಲಿ ಸಂಚರಿಸುವ ಈ ಜಂತು ಬೇರುಹುಳುವಿನ ಬಾಯಿಯಿಂದಲೋ ಉಸಿರು ರಂಧ್ರಗಳಿಂದಲೋ ಒಳಹೊಕ್ಕು, ತನ್ನ ಕರುಳಿನಲ್ಲಿ ಹೊತ್ತು ತಂದ ಫೋಟೊರಾಬ್ಡಸ್ ಎಂಬ ಬ್ಯಾಕ್ಟೀರಿಯಾವನ್ನು ಅಲ್ಲಿ ಉಗುಳುತ್ತದೆ. ಎರಡು ದಿನಗಳ ಆಸುಪಾಸಿನಲ್ಲಿ ಹುಳು ಸಾಯುತ್ತದೆ. ಬ್ಯಾಕ್ಟೀರಿಯಾ ಅದರ ದೇಹವನ್ನು ಕರಗಿಸಿ ಪಾಕಮಾಡಿಕೊಡುತ್ತದೆ. ಆ ಪಾಕವನ್ನುಂಡು ಜಂತು ತನ್ನ ಸಂತಾನವನ್ನು ಬೆಳೆಸುತ್ತದೆ. ಹೀಗೆ ಸತ್ತ ಹುಳು ಕೊಳೆತು ನಾರುವುದಿಲ್ಲ, ಕರ್ರಗಾಗುವುದೂ ಇಲ್ಲ. ಇಟ್ಟಿಗೆಯ ಕೆಂಪು ಬಣ್ಣಕ್ಕೆ ತಿರುಗಿ, ಕಗ್ಗತ್ತಲೆಯ ಕೋಣೆಯಲ್ಲಿಟ್ಟು ಕಣ್ಣು ಹೊಂದಿಸಿಕೊಂಡು ನೋಡಿದರೆ ಮಂದವಾಗಿ ಬೆಳಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಈ ಜಂತುವನ್ನು ಪುಡಿಯ ರೂಪದಲ್ಲಿ ಸಿದ್ಧಪಡಿಸಿ ಬೇರುಹುಳುವಿನ ಮೇಲೆ ಪ್ರಯೋಗಿಸುವ ಕ್ರಮವನ್ನು ರೂಪಿಸಿದೆ. ಬಿಸಿಲು ತಾಗದಂತೆ ಸಂಜೆಯ ಹೊತ್ತಿನಲ್ಲಿ, ತೇವವಿರುವ ಬುಡಕ್ಕೆ ಇದನ್ನು ಸೇರಿಸಬೇಕು. ತೇವಕ್ಕೂ ನೆರಳಿಗೂ ಮಲೆನಾಡಿನ ಅಡಕೆ ತೋಟದಲ್ಲಿ ಬರಗಾಲವೆ?

ಕೀಟವನ್ನು ಅರಿಯಬೇಕಾದರೆ ಅದರ ಕರುಳಿನಲ್ಲಿ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿಗಳನ್ನೂ ಅರಿಯಬೇಕೆಂಬ ಮಾತು ಈ ಒಂದು ನಿದರ್ಶನಕ್ಕೆ ನಿಲ್ಲುವುದಿಲ್ಲ. ಎಲೆಕೋಸನ್ನು ಜಾಲರಿಯಂತೆ ಕೊರೆದುಹಾಕುವ ವಜ್ರಬೆನ್ನಿನ ಪತಂಗದ ಮರಿಹುಳುವಿನ ಕರುಳಿನಿಂದ ಅದೇ ಬ್ಯೂರೋದ ವಿಜ್ಞಾನಿಗಳು ಬೇರ್ಪಡಿಸಿದ ಬ್ಯಾಕ್ಟೀರಿಯಾಗಳು ಅಸಿಫೇಟ್ ಎಂಬ ಕೀಟನಾಶಕವನ್ನೇ ಒಡೆದು ಹಾಕಬಲ್ಲವೆಂದು ಕಂಡುಬಂದಿತು. ಔಷಧಿ ಹೊಡೆದರೂ ಹುಳು ಸಾಯುತ್ತಿಲ್ಲವೆಂದು ರೈತನು ಪ್ರಮಾಣವನ್ನು ಹೆಚ್ಚಿಸುವಾಗ, ಆ ವಿಷವನ್ನು ಜೀರ್ಣಿಸಿಕೊಳ್ಳಬಲ್ಲ ಪರಿವಾರವೊಂದು ಹುಳುವಿನ ಹೊಟ್ಟೆಯಲ್ಲಿಯೇ ಸಿದ್ಧವಾಗಿದ್ದೀತು. ಹಾಗೆಂದು ಎಲ್ಲ ಕೀಟಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಶಾಸ್ತ್ರವಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ದೀಪಾ ಅಗಾಶೆ, ಕೃಷ್ಣಮೇಘ ಕುಂಟೆ ಮೊದಲಾದವರು ಎಕ್ಕದ ಗಿಡದ ಮೇಲೆ ಬೆಳೆಯುವ ಒಂದು ಚಿಟ್ಟೆಯ ಮರಿಹುಳುಗಳಿಗೂ ಹರಳಿನ ಗಿಡವನ್ನು ತಿನ್ನುವ ಇನ್ನೊಂದರ ಮರಿಹುಳುಗಳಿಗೂ ಪ್ರತಿಜೀವಕಗಳನ್ನುಣ್ಣಿಸಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಕದಡಿ ನೋಡಿದಾಗ, ಆ ಹುಳುಗಳು ಏನೂ ಆಗದಂತೆ ಬೆಳೆದು ಚಿಟ್ಟೆಗಳಾದುವು. 2019ರಲ್ಲಿ ಪ್ರಕಟವಾದ ಈ ಶೋಧವು ‘ಸೂಕ್ಷ್ಮಜೀವಿಯಿಲ್ಲದೆ ಕೀಟವಿಲ್ಲ’ ಎಂಬ ಅವಸರದ ತೀರ್ಮಾನಕ್ಕೆ ಕಡಿವಾಣ ಹಾಕಿತು.

ಜೇನುನೊಣದ ಸಂಗತಿಯಾದರೋ ಬೇರೆ. ಕೋಶದಿಂದ ಹೊಸದಾಗಿ ಹೊರಬಂದ ನೊಣದ ಕರುಳು ಹೆಚ್ಚುಕಡಿಮೆ ಬರಿದಾಗಿದ್ದು, ಮೊದಲ ಕೆಲವು ದಿನಗಳಲ್ಲಿ ಹಿರಿಯ ನೊಣಗಳ ಸಹವಾಸದಿಂದ ಅದು ತನ್ನ ಕುಲಕ್ಕೆ ಸೇರಿದ ಕೆಲವೇ ಜಾತಿಯ ಬ್ಯಾಕ್ಟೀರಿಯಾಗಳನ್ನು ಪಡೆಯುತ್ತದೆ. ಗ್ಲೈಫೋಸೇಟ್ ಎಂಬ ಕಳೆನಾಶಕವು ಈ ಪರಿವಾರವನ್ನು ಕುಗ್ಗಿಸಿ ನೊಣವನ್ನು ರೋಗಕ್ಕೆ ಈಡುಮಾಡಬಲ್ಲುದೆಂದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಹುಲ್ಲು ಸವರುವುದಕ್ಕೆ ಆಳು ಸಿಕ್ಕದೆ ತೋಟದೊಳಕ್ಕೆ ಕಳೆನಾಶಕವನ್ನು ತಂದ ನಾವು, 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗಕ್ಕೆ ತುತ್ತಾಗಿ ಕರ್ನಾಟಕದ ತುಡುವೆ ಜೇನಿನ ಪೆಟ್ಟಿಗೆಗಳಲ್ಲಿ ಬಹುಪಾಲು ಬರಿದಾದುದನ್ನು ಮರೆಯುವ ಹಾಗಿಲ್ಲ.

ಗೆದ್ದಲಿನ ಹೊಟ್ಟೆ ಇವೆಲ್ಲಕ್ಕಿಂತ ಹಳೆಯ ಪಾಠ. ಫಿಲಡೆಲ್ಫಿಯದ ಜೋಸೆಫ್ ಲೀಡಿ ಎಂಬ ಪಂಡಿತರು ಮರ ತಿನ್ನುವ ಗೆದ್ದಲಿನ ಕರುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಅಲ್ಲಿ ಗಿಜಿಗುಡುತ್ತಿದ್ದ ಏಕಕೋಶ ಜೀವಿಗಳನ್ನು 1881ರಲ್ಲಿ ವರ್ಣಿಸಿದರು. ಆ ಜೀವಿಗಳನ್ನು ನಾಶಮಾಡಿದರೆ ಎದುರಿಗೆ ಮರದ ರಾಶಿಯಿದ್ದರೂ ಗೆದ್ದಲು ಹಸಿವಿನಿಂದ ಸಾಯುತ್ತದೆಂಬುದನ್ನು ಕ್ಲೀವ್‌ಲೆಂಡ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಸ್ಥಾಪಿಸಿದರು. ನಮ್ಮಲ್ಲಿ ಹುತ್ತ ಕಟ್ಟುವ ಗೆದ್ದಲುಗಳಿಗೆ ಆ ಏಕಕೋಶಿಗಳಿಲ್ಲ; ಅವು ಹುತ್ತದೊಳಗೆ ಶಿಲೀಂಧ್ರದ ತೋಟವನ್ನೇ ಮಾಡುತ್ತವೆ. ತರಗೆಲೆಯನ್ನೂ ಶಿಲೀಂಧ್ರದ ಬೀಜಕಣಗಳನ್ನೂ ಒಟ್ಟಿಗೆ ನುಂಗಿ, ಕರುಳಿನ ಮೂಲಕ ಸಾಗಿಸಿ, ಆ ಮಲದಿಂದ ಪಾತಿ ಕಟ್ಟಿ, ಶಿಲೀಂಧ್ರವು ಬೆಳೆದು ಹದಗೊಳಿಸಿದ ಪಾತಿಯನ್ನು ಉಣ್ಣುತ್ತವೆ. ಮಳೆಗಾಲದಲ್ಲಿ ಹುತ್ತದ ಸುತ್ತ ನೆಲ ಬಿರಿದು ಮೇಲೇಳುವ ಹೆಗ್ಗಾಲಣಬೆ ಆ ತೋಟದ ಹೂವು. ಅದರ ಸಾರು ಮಲೆನಾಡಿನ ಮನೆಗಳಲ್ಲಿ ವರ್ಷಕ್ಕೊಮ್ಮೆಯ ಸಂಭ್ರಮ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಮತ್ತು ಅವರ ಶಿಷ್ಯರು ನಡೆಸಿದ ಅಧ್ಯಯನದಿಂದ, ಈ ಗೆದ್ದಲುಗಳು ತಮ್ಮ ಬೆಳೆಯ ಶಿಲೀಂಧ್ರವನ್ನೂ ಕಳೆಯ ಶಿಲೀಂಧ್ರವನ್ನೂ ವಾಸನೆಯಿಂದಲೇ ವಿಂಗಡಿಸಿ, ಕಳೆಯನ್ನು ಮಣ್ಣಿನಿಂದ ಮುಚ್ಚಿ ಹೂಳುತ್ತವೆಂದು ತಿಳಿದುಬಂದಿದೆ. ಕಳೆ ಕೀಳುವುದರಲ್ಲಿ ಇಷ್ಟು ವಿವೇಕವುಳ್ಳ ಬೇಸಾಯಗಾರನು ನಮ್ಮ ಬೇಣದ ಅಂಚಿನಲ್ಲೇ ಇದ್ದಾನೆ.

ಇನ್ನು ಚಗಳಿ. ಮಾವು, ಹಲಸು, ಗೇರು ಮರಗಳಲ್ಲಿ ಹಸಿರೆಲೆಗಳನ್ನು ಹೆಣೆದು ಕೊಟ್ಟೆ ಕಟ್ಟುವ ಈ ಕೆಂಪಿರುವೆಯ ಕೆಲಸವನ್ನು ಒಂದು ಗಳಿಗೆ ನಿಂತು ನೋಡಿದವರು ಅದನ್ನು ಬರಿಯ ಕಚ್ಚುವ ಪ್ರಾಣಿಯೆಂದು ತಳ್ಳಿಹಾಕಲಾರರು. ಎರಡು ಎಲೆಗಳ ನಡುವಣ ಅಂತರ ಹೆಚ್ಚಾದಾಗ ಒಂದರ ಸೊಂಟವನ್ನು ಇನ್ನೊಂದು ಹಿಡಿದು ಸರಪಣಿಯಾಗಿ ಎಲೆಗಳನ್ನು ಎಳೆದು ತರುತ್ತವೆ. ಅಂಚುಗಳು ಕೂಡುತ್ತಲೇ ಮತ್ತೆ ಕೆಲವು ಗೂಡಿನೊಳಗಿಂದ ತಮ್ಮ ಮರಿಗಳನ್ನೇ ಬಾಯಲ್ಲಿ ಕಚ್ಚಿ ತಂದು, ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ತಾಗಿಸುತ್ತ, ಮರಿಯ ಬಾಯಿಂದ ಹೊರಡುವ ರೇಷ್ಮೆಯ ಎಳೆಯಿಂದ ಹೊಲಿಯುತ್ತವೆ. ತನಗಾಗಿ ಗೂಡು ನೇಯ್ದುಕೊಳ್ಳಬೇಕಾದ ರೇಷ್ಮೆಯನ್ನು ಸಂಸಾರದ ಗೂಡಿಗೆ ಕೊಟ್ಟುಬಿಡುವುದರಿಂದ ಆ ಮರಿ ತನ್ನ ಮೈಗೆ ಕೋಶ ಕಟ್ಟಿಕೊಳ್ಳುವುದೇ ಇಲ್ಲ.

ಈ ಕೊಟ್ಟೆಯನ್ನು ಕೊಯ್ದು ತಂದು, ಇರುವೆಯನ್ನೂ ಬಿಳಿಯ ಮೊಟ್ಟೆಮರಿಗಳನ್ನೂ ಬಾಣಲೆಯಲ್ಲಿ ಬಾಡಿಸಿ, ಒಣಮೆಣಸು, ಬೆಳ್ಳುಳ್ಳಿ, ಉಪ್ಪು, ತೆಂಗಿನತುರಿಯೊಡನೆ ಅರೆದು ಮಾಡುವ ಚಗಳಿ ಚಟ್ನಿ ನಮ್ಮ ಸೀಮೆಯ ಅನೇಕ ಮನೆಗಳ ಹಳೆಯ ರುಚಿ. ಹುಣಸೆ ಹಾಕದೆಯೇ ಅದಕ್ಕೊದಗುವ ಹುಳಿ ಇರುವೆಯ ಫಾರ್ಮಿಕ್ ಆಮ್ಲದ್ದು. ನೆಗಡಿ, ಕೆಮ್ಮಿಗೆ ಅದನ್ನು ಮದ್ದೆಂದು ಉಣ್ಣುವವರೂ ಉಂಟು. ಆದರೆ ಪೇಟೆಗೆ ಹೋಗಿ ಓದಿದ ಮಕ್ಕಳು ಗೆಳೆಯರೆದುರು ಈ ರುಚಿಯ ಹೆಸರೆತ್ತಲು ಹಿಂಜರಿಯುವುದನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ. ಇದೇ ಇರುವೆಯಿಂದ ಒಡಿಶಾದ ಮಯೂರಭಂಜದ ಜನ ಮಾಡುವ ಚಟ್ನಿಗೆ 2024ರ ಜನವರಿಯಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರ ತನ್ನ ವರದಿಯಲ್ಲಿ ಸುಮಾರು 200 ಕೋಟಿ ಜನರ ಊಟದಲ್ಲಿ ಕೀಟಗಳಿಗೆ ಸ್ಥಾನವುಂಟೆಂದೂ, 1,900ಕ್ಕೂ ಹೆಚ್ಚು ಜಾತಿಯ ಕೀಟಗಳು ಆಹಾರವಾಗಿ ಬಳಕೆಯಲ್ಲಿವೆಯೆಂದೂ ಹೇಳಿತು. ತಿನ್ನದವರು ತಿನ್ನಬೇಕಿಲ್ಲ, ಅದು ಅವರವರ ಮನಸ್ಸಿಗೂ ಮನೆಯ ಆಚಾರಕ್ಕೂ ಸೇರಿದುದು. ತಿನ್ನುವವರು ತಲೆ ತಗ್ಗಿಸಬೇಕಾಗಿಲ್ಲವೆಂಬುದಷ್ಟೇ ನನ್ನ ಆಗ್ರಹ. ಜೊತೆಗೆ ಒಂದೆರಡು ಎಚ್ಚರದ ಮಾತುಗಳೂ ಅವಶ್ಯ. ಸಿಗಡಿ ತಿಂದರೆ ಮೈ ದದ್ದೇಳುವವರಿಗೆ ಕೀಟಾಹಾರವೂ ಒಗ್ಗದಿರಬಹುದು, ಏಕೆಂದರೆ ಅಲರ್ಜಿ ತರುವ ಪ್ರೋಟೀನು ಎರಡರಲ್ಲಿಯೂ ಸಮೀಪದ ಬಂಧು. ಕೀಟನಾಶಕ ಹೊಡೆದ ತೋಟದ ಮಗ್ಗುಲಿನ ಮರದಿಂದ ಕೊಟ್ಟೆ ಕೀಳುವುದಂತೂ ಕೂಡದು.

ಚಗಳಿ ತೋಟದ ಕಾವಲುಗಾರನೂ ಹೌದು. ಕ್ರಿ.ಶ. 4ನೆಯ ಶತಮಾನದ್ದೆಂದು ಹೇಳಲಾಗುವ ಚೀನೀ ಗ್ರಂಥವೊಂದರಲ್ಲಿ, ಕಿತ್ತಳೆಯ ಜಾತಿಯ ಹಣ್ಣಿನ ಮರಗಳನ್ನು ಹುಳುಗಳಿಂದ ಕಾಯುವುದಕ್ಕಾಗಿ ಈ ಇರುವೆಯ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದರೆಂಬ ಉಲ್ಲೇಖವಿದೆ; ಗೇರು ಮರದ ಚಿಗುರನ್ನು ಹೀರಿ ಒಣಗಿಸುವ ಟೀ ಸೊಳ್ಳೆಯೆಂಬ ತಿಗಣೆಯನ್ನು ಇದು ಅಟ್ಟಬಲ್ಲುದು. ಕಾಫಿಗಿಡದಲ್ಲಿ ಹಿಟ್ಟುತಿಗಣೆಗಳನ್ನು ಸಾಕಿ, ಹಣ್ಣು ಕೊಯ್ಯುವವರ ಕೈಗೆ ಕಚ್ಚಿ ಉಪದ್ರವ ಕೊಡುವುದೂ ಸತ್ಯವೇ. ಯಾವ ಮರದಲ್ಲಿ ಇರಗೊಡಬೇಕು, ಯಾವುದರಲ್ಲಿ ಬೇಡ ಎಂಬುದನ್ನು ತೀರ್ಮಾನಿಸಲು ಈ ನೆಲದಲ್ಲಿಯೇ ನಡೆದ ಪರೀಕ್ಷೆ ಬೇಕು.

ಅಂಥ ಪರೀಕ್ಷೆಗೆ ಮಲೆನಾಡು ಹೊಸದೇನಲ್ಲ. ಮೈಸೂರು ಸಂಸ್ಥಾನವು 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರನ್ನು ಕರೆಸಿ ಶಿಲೀಂಧ್ರಶಾಸ್ತ್ರ, ಕೀಟಶಾಸ್ತ್ರ ಎರಡರ ಹೊಣೆಯನ್ನೂ ಒಪ್ಪಿಸಿದಾಗ, ಅವರು ಅಡಕೆಯ ಕೊಳೆರೋಗದ ಮೂಲವನ್ನು ಶೋಧಿಸಿ 1910ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಇಂದಿಗೂ ಮಳೆಗಾಲ ಬಂತೆಂದರೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮ ಪದ್ಧತಿಯ ಹಿಂದೆ ಅವರ ಶ್ರಮವಿದೆ. ಕೋಲ್ಮನ್ನರಿಗೆ ಇಲ್ಲದ ಅನುಕೂಲ ಇಂದು ನಮಗಿದೆ. ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವು ಸಾಗರ ತಾಲೂಕಿನ ಇರುವಕ್ಕಿಯಲ್ಲಿದೆ, ಅಡಕೆ ಸಂಶೋಧನಾ ಕೇಂದ್ರವು ತೀರ್ಥಹಳ್ಳಿಯ ಸೀಬಿನಕೆರೆಯಲ್ಲಿದೆ. ಮಲೇಶಿಯಾದ ವಿಜ್ಞಾನಿಗಳು ಚಗಳಿಯ ಜಾತಿಯ ಇರುವೆಯಿಂದ ಹೊಸ ಬ್ಯಾಕ್ಟೀರಿಯಾವೊಂದನ್ನು ಬೇರ್ಪಡಿಸಿ ಅದಕ್ಕೆ ಇರುವೆಯ ಕುಲದ ಹೆಸರನ್ನೇ ಇಟ್ಟಿರುವಾಗ, ಹೊಸನಗರದ ಹಲಸಿನ ಮರದ ಚಗಳಿಯ ಕರುಳು ಇರುವಕ್ಕಿಯ ಸೂಕ್ಷ್ಮದರ್ಶಕದ ಕೆಳಗೆ ಬರಬಾರದೇಕೆ? ಔಷಧಿ ಹೊಡೆದ ತೋಟದ ಇರುವೆಯನ್ನೂ ಹೊಡೆಯದ ಕಾಡಿನ ಇರುವೆಯನ್ನೂ ಹೋಲಿಸಿ, ಚಟ್ನಿಯ ಪ್ರೋಟೀನು, ಖನಿಜ, ವಿಷದ ಶೇಷಾಂಶಗಳನ್ನು ಅಳೆದು, ತುಡುವೆ ಜೇನಿನ ಮೇಲೆ ಕಳೆನಾಶಕದ ಪರಿಣಾಮವನ್ನು ಪರಿಶೀಲಿಸಿ, ಬೇರುಹುಳುವಿನ ಜಂತುಪುಡಿಯನ್ನು ಹೋಬಳಿ ಹೋಬಳಿಯ ತೋಟಗಳಲ್ಲಿ ಪ್ರಯೋಗಿಸಿ, ಬಂದ ಫಲವನ್ನು ರೈತರ ಮುಂದೆ ಕನ್ನಡದಲ್ಲಿಡುವ ಒಂದು ಯೋಜನೆಯನ್ನು ವಿಶ್ವವಿದ್ಯಾಲಯವು ಕೈಗೊಳ್ಳಬೇಕು. ಯಾವ ತಿಂಗಳಲ್ಲಿ ಕೊಟ್ಟೆಯಲ್ಲಿ ಮೊಟ್ಟೆ ತುಂಬಿರುತ್ತದೆ, ಯಾವ ಮರದ ಚಗಳಿಗೆ ಹುಳಿ ಹೆಚ್ಚು, ಯಾವ ಹುತ್ತದ ಬಳಿ ಅಣಬೆ ತಪ್ಪದೆ ಏಳುತ್ತದೆ ಎಂಬುದನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಯೋಜನೆಯ ಮೊದಲ ಕೆಲಸ ಅವರ ಮನೆಯ ಜಗಲಿಗೆ ಹೋಗಿ ಕುಳಿತು ಕೇಳಿ ಬರೆದುಕೊಳ್ಳುವುದಾಗಬೇಕು, ಮತ್ತು ಹಾಗೆ ಬರೆದುಕೊಂಡುದರ ಕೆಳಗೆ ಅವರ ಹೆಸರೂ ಸಲ್ಲಬೇಕು.